ಮಾವನ ಕಿವಿಯೂ ಜೀಪಿನ ಇಂಜಿನ್ನೂ

ನಮ್ಮ ಮಾವನಿಗೆ, ಅಂದರೆ ನನ್ನ ಗಂಡನ ತಂದೆಗೆ, ಬೈರಕೂರಿನ ಸುತ್ತಮುತ್ತ ಒಂದು ಹೆಸರಿತ್ತು. ಒಂದು ಗಳಿಗೆ ಕಿವಿಗೊಟ್ಟು ನಿಂತರೆ ಸಾಕು, ಯಂತ್ರದ ಹೊಟ್ಟೆಯೊಳಗೆ ಏನಾಗಿದೆಯೆಂದು ಹೇಳಿಬಿಡುತ್ತಾರೆ ಎಂದು. ಯಾರದೋ ಟ್ರ್ಯಾಕ್ಟರ್ ಗೊಣಗಿದರೆ, ಪಂಪಿನ ಮೋಟಾರು ದನಿ ಬದಲಿಸಿದರೆ, ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮೊದಲು ನಮ್ಮ ಮನೆಗೆ ಬರುತ್ತಿದ್ದರು. ಮಾವ ಚಪ್ಪಲಿ ಮೆಟ್ಟಿಕೊಂಡು ಹೋಗಿ, ಕಣ್ಣು ಮುಚ್ಚಿ ನಿಂತು ಕೇಳಿ, ತೀರ್ಪು ಕೊಟ್ಟು, ಕಾಫಿ ಕುಡಿದು ಬರುತ್ತಿದ್ದರು. ಕಾಫಿಗೆ ಸಕ್ಕರೆ ಕಡಿಮೆಯಾಗಿದ್ದರೆ ಮನೆಗೆ ಬಂದು ಅದನ್ನೂ ಹೇಳುತ್ತಿದ್ದರು.

ನಮ್ಮ ಮಾವಿನ ತೋಪು ಗುಡ್ಡದ ಆಚೆಗಿದೆ. ಅಲ್ಲಿಗೆ ದಾರಿಯಿದೆ ಅನ್ನುವುದು ನಮ್ಮ ದೊಡ್ಡತನ. ಇರುವುದು ಬಂಡೆ, ಕೊರಕಲು, ನಡುವೆ ಒಂದಿಷ್ಟು ಮಣ್ಣು. ಪಿಕಪ್ ಗಾಡಿಯವರು ಅರ್ಧ ದಾರಿಗೇ ಕೈಮುಗಿದು ವಾಪಸ್ಸಾಗುತ್ತಾರೆ. ನಾಲ್ಕೂ ಚಕ್ರಕ್ಕೆ ಎಳೆತವಿರುವ ನಮ್ಮ ಹಳೇ ಜೀಪು ಮಾತ್ರ ಹತ್ತುತ್ತದೆ. ಕಾಯಿ ತುಂಬಿದ ಕ್ರೇಟುಗಳನ್ನು ಅದರಲ್ಲಿ ಟಾರು ರಸ್ತೆಗೆ ತಂದು ಹಾಕಿದರೆ, ಮುಂದೆ ಶ್ರೀನಿವಾಸಪುರದ ಮಂಡಿಯವರೆಗೆ ಬೇರೆ ಗಾಡಿಗಳು ಸಿಗುತ್ತವೆ.

ಮೊದಲೆಲ್ಲ ಮಾವನೇ ಓಡಿಸುತ್ತಿದ್ದರು. ಮೊಣಕಾಲು ಕ್ಲಚ್ ಒತ್ತಲು ಒಪ್ಪದೆ ಹೋದಾಗ ಸ್ಟೀರಿಂಗ್ ನನ್ನ ಕೈಗೆ ಬಂತು. ಗಂಡನಿಗೆ ಮಾಲೂರಿನ ಫ್ಯಾಕ್ಟರಿಯಲ್ಲಿ ಪಾಳಿ ಕೆಲಸ, ಅವರನ್ನು ನಂಬಿದರೆ ಕಾಯಿ ಮರದಲ್ಲೇ ಹಣ್ಣಾಗುತ್ತಿತ್ತು. ಮಾವ ಸ್ಟೀರಿಂಗ್ ಬಿಟ್ಟರೇ ಹೊರತು ಜೀಪು ಬಿಡಲಿಲ್ಲ. ಪಕ್ಕದಲ್ಲಿ ಕೂತು, "ಸೆಕೆಂಡ್‌ಗೆ ಹಾಕಮ್ಮ, ಇಂಜಿನ್ ಅಳ್ತೈತೆ, ಕೇಳಿಸ್ತಿಲ್ವಾ?" ಎನ್ನುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಸೆಕೆಂಡ್‌ಗೆ ಹಾಕುತ್ತಿದ್ದೆ. ಅವರು ಹೇಳಿದ್ದು ಸರಿಯಾಗಿಯೇ ಇರುತ್ತಿತ್ತು, ಅದಕ್ಕೇ ಇನ್ನೂ ಸಿಟ್ಟು.

ಇಂಜಿನ್ನಿನ ಒಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕ್ ಟಕ್ ಶುರುವಾದದ್ದು ಹೋದ ವರ್ಷ. ನನಗೆ ಕೇಳಿಸಿತು. ಗಂಡನಿಗೆ ಕೇಳಿಸಿತು. ಅಡುಗೆಮನೆಯಲ್ಲಿದ್ದ ಅತ್ತೆಗೂ ಕೇಳಿಸಿತು. ಆದರೆ ಮಾವ ಏನೂ ಹೇಳಲಿಲ್ಲ. ಮಾವನೇ ಏನೂ ಹೇಳದ ಮೇಲೆ ಅದು ಏನೂ ಅಲ್ಲ ಎಂದು ಮನೆಮಂದಿಯೆಲ್ಲ ನೆಮ್ಮದಿಯಾಗಿದ್ದೆವು. ನಮ್ಮ ಮನೆಯಲ್ಲಿ ಅವರ ಕಿವಿಯ ಮುಂದೆ ನಮ್ಮ ಕಿವಿಗಳು ಲೆಕ್ಕಕ್ಕಿರಲಿಲ್ಲ.

ಈ ಬೇಸಿಗೆಯಲ್ಲಿ, ಕೊಯ್ಲಿಗೆ ಮುಂಚೆ ತೋಪು ನೋಡಿಕೊಂಡು ವಾಪಸ್ಸು ಬರುತ್ತಿದ್ದಾಗ, ಇಳಿಜಾರಿನ ನೆತ್ತಿಯಲ್ಲೇ ಇಂಜಿನ್ ಒಂದು ಸಲ ಕೆಮ್ಮಿ ನಿಂತುಹೋಯಿತು. ನಾನು ಕ್ಲಚ್ ಒತ್ತಿ, ಬ್ರೇಕಿನ ಮೇಲೆ ಕಾಲಿಟ್ಟು ಜೀಪನ್ನು ಹಾಗೇ ಉರುಳಲು ಬಿಟ್ಟೆ. ಎಲ್ಲೋ ನವಿಲು ಕೂಗಿದ್ದು ಕೇಳುವಷ್ಟು ನಿಶ್ಶಬ್ದ. ಆಗ ಮಾವ ತೊಡೆ ತಟ್ಟಿಕೊಂಡು ಹೇಳಿದರು. "ಈಗ ನೋಡಮ್ಮ, ಇಂಜಿನ್ ಹೆಂಗೆ ಹೋಗ್ತೈತೆ. ಬೆಣ್ಣೆ."

ನನಗೆ ನಗು ತಡೆಯಲಾಗಲಿಲ್ಲ. ಗುಡ್ಡದ ಬುಡ ಮುಟ್ಟುವ ಹೊತ್ತಿಗೆ ಆ ನಗು ಎಲ್ಲಿ ಹೋಯಿತೋ. ಅವರು ತಮಾಷೆಗೆ ಹೇಳಿರಲಿಲ್ಲ. ಆಗ ತಾನೇ ನಿಂತದ್ದೆಂಬಂತೆ ಜೋರಾಗಿ, "ನಿಂತೋಯ್ತು ಮಾವ" ಎಂದೆ. ಅವರು ಬಾನೆಟ್ಟಿನ ಕಡೆ ನೋಡಿ ತಲೆಯಾಡಿಸಿದರು.

ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮೊಣಕಾಲು ಹೋದಾಗ ಸ್ಟೀರಿಂಗ್ ಬಿಟ್ಟುಕೊಟ್ಟ ಮನುಷ್ಯನಿಗೆ ಊರಿನಲ್ಲಿ ಉಳಿದಿದ್ದ ಮರ್ಯಾದೆಯೆಲ್ಲ ಆ ಕಿವಿಯಲ್ಲಿತ್ತು. ಅದೂ ಹೋಯಿತು ಎನ್ನುವ ಮಾತು ನನ್ನ ಬಾಯಿಂದಂತೂ ಹೊರಬೀಳಬಾರದು ಎಂದುಕೊಂಡೆ. ನನಗೆ ಅವರ ಮೇಲೆ ಎಷ್ಟು ಪ್ರೀತಿಯಿದೆಯೆಂದು ನನಗೇ ಗೊತ್ತಾದದ್ದು ಆಗ.

ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಜೀಪನ್ನು ನಂಗಲಿಗೆ ಎಳೆಸಿಕೊಂಡು ಹೋದೆವು. ಅಲ್ಲಿ ಹೈವೇ ಪಕ್ಕದ ಗ್ಯಾರೇಜಿನವನು ನಮಗೆ ಹಳೇ ಪರಿಚಯ. ಅರ್ಧ ಕನ್ನಡ, ಅರ್ಧ ತೆಲುಗು ಮಾತಾಡುತ್ತಾನೆ, ಮಾವನನ್ನು ಪೆದ್ದಾಯನ, ಅಂದರೆ ಹಿರಿಯರು, ಎಂದೇ ಕರೆಯುತ್ತಾನೆ. ಇಂಜಿನ್ ಬಿಚ್ಚಿ ನೋಡಿ ಅವನಿಗೆ ಆಶ್ಚರ್ಯವೋ ಆಶ್ಚರ್ಯ.

"ಬೇರಿಂಗ್ ಪೂರಾ ತೇದೋಗೈತೆ. ಇದು ಎಷ್ಟು ದಿನ ಬಡ್ಕೊಂಡಿರ್ಬೇಕು. ಪೆದ್ದಾಯನ, ನಿಮಗೆ ಕೇಳಿಸ್ಲೇ ಇಲ್ವಾ?"

ಮಾವ ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

ಈಗ ಎರಡೇ ದಾರಿ. ಇದೇ ಇಂಜಿನ್ನನ್ನು ಪೂರ್ತಿ ಬಿಚ್ಚಿ, ಕೋಲಾರದ ಲೇತ್ ಅಂಗಡಿಗೆ ಕಳಿಸಿ ರಿಪೇರಿ ಮಾಡಿಸುವುದು. ಆಗ ಅರ್ಧ ಕೊಯ್ಲು ಜೀಪಿಲ್ಲದೇ ಕಳೆಯಬೇಕು. ಇಲ್ಲವೇ ಗ್ಯಾರೇಜಿನ ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದ್ದ, ಇನ್ನೊಂದು ಜೀಪಿನಿಂದ ಇಳಿಸಿದ ಇಂಜಿನ್ ಹಾಕಿಸುವುದು. ಅದಾದರೆ ವಾರದೊಳಗೆ ಮುಗಿಯುತ್ತದೆ. ಗಂಡ ಅದಕ್ಕೇ ಸೈ ಎಂದರು. ನನ್ನ ಮನಸ್ಸೂ ಅತ್ತಲೇ ವಾಲಿತ್ತು.

"ಸ್ಟಾರ್ಟ್ ಮಾಡಿ ತೋರಿಸ್ತೀನಿ" ಎಂದ ಮೆಕ್ಯಾನಿಕ್. "ಪೆದ್ದಾಯನ ಒಂದ್ ಸಲ ಕೇಳಿ ಹೂಂ ಅಂದ್ರೆ ಹಾಕೋಣ."

ತಪ್ಪಿಸಲು ನಾನೊಂದು ನೆಪ ಹುಡುಕುವಷ್ಟರಲ್ಲಿ ಅವನು ಇಂಜಿನ್ನನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ, ಬ್ಯಾಟರಿ ಜೋಡಿಸಿ, ಡೀಸೆಲ್ ಕ್ಯಾನು ತೂಗುಹಾಕಿದ. ಟೀ ಅಂಗಡಿಯವರು, ಪಂಕ್ಚರ್ ಅಂಗಡಿಯವರು ಬಂದು ಸುತ್ತ ನಿಂತರು. ಪೆದ್ದಾಯನ ಕಿವಿಕೊಡುವುದೆಂದರೆ ಅವರಿಗೆ ಬಿಟ್ಟಿ ಪ್ರದರ್ಶನ. ಇಂಜಿನ್ ಹೊಗೆ ಕಾರಿ ಗುಡುಗಿತು. ಮಾವ ಎಂದಿನಂತೆ ಮುಂದೆ ಬಾಗಿ ಕಣ್ಣು ಮುಚ್ಚಿದರು.

ಗುಡುಗಿನ ಅಡಿಯಲ್ಲಿ, ಅವನು ರೇಸ್ ಕೊಟ್ಟು ಬಿಟ್ಟಾಗಲೆಲ್ಲ ಸಣ್ಣಗೆ ಅದೇ ಟಕ್ ಟಕ್. ವರ್ಷವಿಡೀ ಅದರ ಜೊತೆ ಗುಡ್ಡ ಹತ್ತಿ ಇಳಿದ ನನಗೆ ಅದು ತಪ್ಪಲು ಸಾಧ್ಯವೇ ಇರಲಿಲ್ಲ. ಗಂಡ ಆಗಲೇ ಖುಷಿಯಾಗಿ ತಲೆದೂಗುತ್ತಿದ್ದರು.

ಮಾವ ಕಣ್ಣು ತೆರೆದು ಇಂಜಿನ್ನನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. ಅವರ ಕಿವಿಯ ವಿಷಯ ನನಗೆ ಗೊತ್ತಿರುವುದು ಅವರಿಗೂ ಗೊತ್ತಿತ್ತು. ಬೇಡ ಎಂಬಂತೆ ನಾನು ತಲೆಯನ್ನು ತುಸುವೇ ಅಲ್ಲಾಡಿಸಿದೆ. ಅಷ್ಟು ಸಾಕಿತ್ತು. ಅವರು ಬೇಡ ಎಂದಿದ್ದರೆ ಅವರ ಹೆಸರು ಉಳಿಯುತ್ತಿತ್ತು, ಜೀಪೂ ಉಳಿಯುತ್ತಿತ್ತು.

ಮಾವ ಕೈಸನ್ನೆ ಮಾಡಿ ಇಂಜಿನ್ ನಿಲ್ಲಿಸಿದರು.

"ನಂಗೆ ಕಿವಿ ಕೇಳಿಸಲ್ಲಪ್ಪ" ಎಂದರು. "ಶ್ಯಾನೆ ದಿನ ಆಯ್ತು. ನಮ್ಮ ಸೊಸೆಗೆ ಕೇಳಿಸ್ತೈತೆ. ಅವಳ್ನ ಕೇಳು."

ಗಂಡ ನನ್ನನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿದರು. ನಾನು ಇಷ್ಟು ದಿನ ಜೋಪಾನವಾಗಿ ಮುಚ್ಚಿಟ್ಟದ್ದನ್ನು ಇವರೇ ನಡುರಸ್ತೆಯಲ್ಲಿ ಬಿಚ್ಚಿಟ್ಟರಲ್ಲ ಎಂದು ಮೈಯೆಲ್ಲ ಉರಿಯಿತು. ಕಣ್ಣೂ ತುಂಬಿತು. ಅಲ್ಲಿಯವರೆಗೆ ನನ್ನ ಕಡೆ ತಿರುಗಿಯೂ ನೋಡದಿದ್ದ ಮೆಕ್ಯಾನಿಕ್ ಕೈ ಒರೆಸಿಕೊಂಡು ನನ್ನೆದುರು ಬಂದು ನಿಂತ.

"ಹೇಳಮ್ಮ, ಏನ್ ಕೇಳಿಸ್ತು?"

ರೇಸ್ ಬಿಟ್ಟಾಗ ತಳದಲ್ಲಿ ಬಡಿಯುತ್ತದೆ, ಇದೂ ನಮ್ಮದರ ದಾರಿಯನ್ನೇ ಹಿಡಿದಿದೆ, ಇದು ಬೇಡ, ನಮ್ಮದನ್ನೇ ಕೋಲಾರಕ್ಕೆ ಕಳಿಸಿ ರಿಪೇರಿ ಮಾಡಿಸಿ, ಅಲ್ಲಿಯವರೆಗೆ ಕಾಯಿಯನ್ನು ಆಳಿಟ್ಟು ಹೊರಿಸುತ್ತೇವೆ ಎಂದೆ. ದನಿ ಮೆಕ್ಯಾನಿಕ್ಕಿಗೆ ಮಾತ್ರ ಕೇಳುವಷ್ಟಿತ್ತು.

ಮಾವ ನನ್ನ ತುಟಿಗಳನ್ನೇ ನೋಡುತ್ತಿದ್ದರು. "ಏನಂದೆ?" ಎಂದರು.

ಅವರು ಹಾಗೆ ಕೇಳಿದ್ದು ಅದೇ ಮೊದಲು. ನಾನು ಹತ್ತಿರ ಹೋಗಿ, ಎಲ್ಲರಿಗೂ ಕೇಳಿಸುವಷ್ಟು ಜೋರಾಗಿ, ಮೊದಲಿನಿಂದ ಮತ್ತೆ ಹೇಳಿದೆ.