ಮಡುವಿನ ಪತ್ರವನ್ನು ನಾನು ಓದಿದ ರೀತಿ

ಪತ್ರದಲ್ಲಿ ಇದ್ದುದನ್ನು ನಾನು ಓದಲಿಲ್ಲ. ಜನ ನಗುವಂಥದ್ದನ್ನು ಓದಿದೆ. ಈ ಕಥೆಯ ಮೂರ್ಖ ನಾನೇ. ಇದನ್ನು ಬಾಯಲ್ಲಿ ಹೇಳದೆ ಬರೆಯುತ್ತಿರುವುದಕ್ಕೂ ಕಾರಣವಿದೆ — ಕಾಗದಕ್ಕೆ ದನಿ ಇರುವುದಿಲ್ಲ.

ಯಾರ ದನಿಯನ್ನಾದರೂ ಕದಿಯುತ್ತೇನೆಂದು ಊರಲ್ಲಿ ನನಗೆ ಹೆಸರಿತ್ತು. ರಾಮದುರ್ಗ ಬಸ್ಸಿನ ಕಂಡಕ್ಟರ್, ಸಾಲಿಯ ಮಾಸ್ತರ, ನಮ್ಮವ್ವ — ಯಾರನ್ನೂ ಬಿಟ್ಟವನಲ್ಲ. ಬೇರೆ ಯಾರೂ ಸಿಗದಿದ್ದರೆ ಕೊಕ್ಕರೆ ಕಾಲಿನ ನನ್ನ ನಡಿಗೆಯನ್ನೇ ಅಣಕಿಸಿ ತೋರಿಸುತ್ತಿದ್ದೆ. ಹೊಟ್ಟೆಪಾಡಿಗೆ ಬ್ಯಾಟರಿ ರಿಪೇರಿ ಅಂಗಡಿಯಲ್ಲಿ ಕೆಲಸ. ಅಲ್ಲಿ ಬಿದ್ದಿರುತ್ತಿದ್ದ ಸತ್ತ ಟ್ರ್ಯಾಕ್ಟರ್ ಬ್ಯಾಟರಿಗಳನ್ನು ನಿಂಗಪ್ಪ ಕಾಕಾನಿಗೆ ತಂದುಕೊಡುತ್ತಿದ್ದವನೂ ನಾನೇ.

ಕಾಕಾ ಮೀನು ಹಿಡಿಯುವವನು. ತೊರಗಲ್ ಕೋಟೆಯಿಂದ ಕೆಳಗೆ ಮಲಪ್ರಭೆ ಒಂದು ಕಡೆ ಆಳವಾಗಿ ನಿಲ್ಲುತ್ತದೆ. ಆ ಮಡುವೇ ಅವನ ಹೊಲ. ದಂಡೆಯ ಮೇಲೆ ಬ್ಯಾಟರಿ ಒಡೆದು, ಒಳಗಿನ ಸೀಸ ಕರಗಿಸಿ, ಬಲೆ ಮುಳುಗಲೆಂದು ಅದರ ಅಂಚಿಗೆ ಕಟ್ಟುವ ಗುಂಡು ಮಾಡಿಕೊಳ್ಳುತ್ತಿದ್ದ. ಉಳಿದ ಆ್ಯಸಿಡ್, ಬೂದಿ ಎಲ್ಲ ಮಡುವಿಗೆ. ಗುಂಡನ್ನು ಹುರಿಗೆ ಸಿಕ್ಕಿಸಿ ಹಲ್ಲಿನಿಂದ ಕಚ್ಚಿ ಬಿಗಿಯುತ್ತಿದ್ದ. "ಇಕ್ಕಳ ಹುರಿ ಕಡಿತೈತಿ. ಹದ ಗೊತ್ತಿರೂದು ಹಲ್ಲಿಗೆ," ಎನ್ನುತ್ತಿದ್ದ.

ತೊಂಬತ್ತರ ದಶಕದ ಕೊನೆಯ ಒಂದು ಬೇಸಿಗೆ, ಮಡುವಿನಲ್ಲಿದ್ದ ಒಂದೇ ಮೊಸಳೆ ಮರಳಿನ ಮೇಲೆ ಬಂದು ಮಲಗಿತು. ತೆರೆದ ಬಾಯಿ ಮುಚ್ಚಲೇ ಇಲ್ಲ, ಮುಂಗಾಲುಗಳು ಜೀವವಿಲ್ಲದಂತೆ ಜೋತಿದ್ದವು. ಎರಡನೆಯ ದಿನ ಧೈರ್ಯ ಮಾಡಿ ಹತ್ತಿರ ಹೋದೆವು — ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಕಣ್ಣು ಮಾತ್ರ ನಮ್ಮ ಹಿಂದೆಯೇ ತಿರುಗುತ್ತಿತ್ತು. ನೀರಂಚಿನಲ್ಲಿ ಬೆನ್ನು ಬಾಗಿದ, ಬಾಲ ಕಪ್ಪಾದ ಮೀನುಗಳು ಒಂದೇ ಜಾಗದಲ್ಲಿ ಸುತ್ತುತ್ತಿದ್ದವು, ಸದ್ದಿಲ್ಲದೆ. ನಾನು ಮರಳಿನ ಮೇಲೆ ಮೊಸಳೆಯಂತೆಯೇ ಬಾಯಿ ತೆರೆದು ಮಲಗಿ ತೋರಿಸಿದೆ. ಅಂದು ಯಾಕೋ ಯಾರೂ ನಗಲಿಲ್ಲ.

ಅದು ಸತ್ತ ಮೇಲೆ ಧಾರವಾಡದ ಕಾಲೇಜಿನಿಂದ ಮೇಡಮ್ ಒಬ್ಬರು ಬಂದು, ಅರಣ್ಯ ಇಲಾಖೆಯವರ ಮುಂದೆ ಅದರ ಹೊಟ್ಟೆ ಸೀಳಿಸಿದರು. ಒಳಗೆ, ಬಲೆಯ ಮೀನಿನ ಜೊತೆ ನುಂಗಿದ ಒಂದು ಬೊಗಸೆ ಸೀಸದ ಗುಂಡು. ಇನ್ನೂ ಸವೆದಿರದ ಒಂದರ ಮೇಲೆ ಹಲ್ಲಿನ ಗುರುತು — ಮೊಸಳೆಯದಲ್ಲ, ಕಾಕಾನದು. ಒಂದಿಷ್ಟು ಮೀನುಗಳನ್ನೂ ಪರೀಕ್ಷೆಗೆ ಒಯ್ದರು. ಹೋಗುವಾಗ, "ಪತ್ರ ಬರೆಯುತ್ತೇನೆ, ಎಲ್ಲರಿಗೂ ನೀವೇ ಓದಿ ಹೇಳಿ," ಎಂದರು. ನನಗೆ.

ಪತ್ರ ಬಂತು. ಅದರಲ್ಲಿ ಇದ್ದುದು ಇಷ್ಟು: ಮೀನಿನ ಮೈಯೊಳಗೆ ಸೀಸ ಸೇರಿದೆ, ತಿನ್ನಬೇಡಿ. ದಂಡೆಯಲ್ಲಿ ಬ್ಯಾಟರಿ ಕರಗಿಸಬೇಡಿ. ಗುಂಡನ್ನು ಬಾಯಿಗೆ ಇಟ್ಟುಕೊಳ್ಳಲೇಬೇಡಿ. ವಸಡಿನಲ್ಲಿ ನೀಲಿ ಗೆರೆ ಕಂಡರೆ ಮೈಗೆ ಸೀಸ ಏರಿದೆಯೆಂದೇ ಅರ್ಥ; ನಿಂಗಪ್ಪನವರ ರಕ್ತವನ್ನು ಬೇಗ ಪರೀಕ್ಷೆ ಮಾಡಿಸಿ.

ಚಹಾದಂಗಡಿಯಲ್ಲಿ ಎದ್ದು ನಿಂತೆ. ಮೂಗಿಗೆ ಕರವಸ್ತ್ರ ಹಿಡಿದು, ಮೇಡಮ್ ಅವರ ಮೆತ್ತಗಿನ ದನಿ ತೆಗೆದೆ: "ಸನ್ಮಾನ್ಯ ನಿಂಗಪ್ಪನವರೇ, ತಮ್ಮ ಮೊಸಳೆಗೆ ದಿನವೂ ಹಲ್ಲುಪುಡಿ ಕೊಡಬೇಕಾಗಿ ವಿನಂತಿ. ಮಡುವಿನ ಮೀನಿಗೆ ಖಾರ ಕಡಿಮೆ ಹಾಕಬೇಡಿ."

ಅಂಗಡಿ ತುಂಬ ನಗು. "ಇನ್ನೊಮ್ಮಿ ಓದೋ ಮಗನ," ಎಂದ ಕಾಕಾ. ನಕ್ಕಾಗ ಅವನ ವಸಡಿನ ಉದ್ದಕ್ಕೂ ನೀಲಿಗಪ್ಪು ಗೆರೆ, ಪೆನ್ನಿನಿಂದ ಎಳೆದಂತೆ. ನನಗೆ ಕಂಡಿತು. ಕಂಡೂ ಇನ್ನೊಮ್ಮೆ ಓದಿದೆ.

ಕಣ್ಣೊರೆಸಿಕೊಳ್ಳುತ್ತ ಕಾಕಾ ಕೇಳಿದ, "ಖರೇನ ಏನ್ ಬರದಾರೋ?"

"ಏನಿಲ್ಲ ಕಾಕಾ. ಮೊಸಳಿಗೆ ವಯಸ್ಸಾಗಿತ್ತಂತ."

ಬ್ಯಾಟರಿ ತಂದವನು ನಾನೆಂಬ ಹೆದರಿಕೆಯೋ, ಅಷ್ಟು ಚೆಂದದ ನಗು ಕೆಡುತ್ತದೆಂದೋ — ಯಾವುದಾದರೇನು. ಹೇಳಿದ್ದು ಅದನ್ನೇ.

ಎರಡು ವರ್ಷದೊಳಗೆ ಕಾಕಾನ ಕೈಗಳು ಜೋತುಬಿದ್ದವು. ಬಲೆಗೆ ತೋಳು ಚಾಚಿದರೆ ಮಣಿಕಟ್ಟಿನಿಂದ ಕೆಳಗೆ ಸುಮ್ಮನೆ ತೂಗುತ್ತಿದ್ದವು, ಮರಳಿನ ಮೇಲೆ ಕಂಡ ಮೊಸಳೆಯ ಮುಂಗಾಲುಗಳಂತೆ. ಅದನ್ನೂ ಅಣಕಿಸಿದೆ, ಒಂದೇ ಸಲ. ಚಹಾದಂಗಡಿಯಲ್ಲಿ ಕೈ ಇಳಿಬಿಟ್ಟು ನಿಂತೆ. ಮತ್ತೆ ಎತ್ತಲು ಹೋದರೆ — ಬರಲಿಲ್ಲ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಜನ ಇನ್ನೂ ನಗುತ್ತಿದ್ದರು.

ಮನೆಗೆ ಹೋಗಿ ಟ್ರಂಕಿನಲ್ಲಿದ್ದ ಪತ್ರ ಹುಡುಕಿ ತೆಗೆದೆ. ಮರುದಿನ ಬೆಳಿಗ್ಗೆ ಕಾಕಾನ ಮನೆಗೆ ಹೋದೆ. ಅವನು ಕಟ್ಟೆಯ ಮೇಲೆ ಗೋಡೆಗೆ ಒರಗಿದ್ದ. ಬಾಯಿ ಅರ್ಧ ತೆರೆದಿತ್ತು. ಅವನ ಹೆಂಡತಿ ಗಂಗವ್ವ ಕಾಕಿ ಬಲೆ ಹರವಿಕೊಂಡು ಕೂತಿದ್ದಳು. ಗುಂಡು ಈಗ ಅವಳ ಹಲ್ಲಿನ ನಡುವೆ.

ನಿಂತಲ್ಲೇ ಓದಿದೆ, ಒಂದಕ್ಷರ ಬಿಡದೆ. ಯಾರ ದನಿಯೂ ಇಲ್ಲ. ಒಣಗಿದ, ತಡವರಿಸುವ ನನ್ನದೇ ದನಿ. ಊರಲ್ಲಿ ಅದನ್ನು ಯಾರೂ ಕೇಳಿರಲಿಲ್ಲವೆಂದು ಓದುತ್ತ ಓದುತ್ತ ಹೊಳೆಯಿತು.

"ಅವತ್ತ ನಾ ಸುಳ್ಳ ಓದಿದ್ದೆ ಕಾಕಿ. ಬಾಯಾಗಿಂದು ತಗಿ."

ಕಾಕಾ ನನ್ನ ಮುಖವನ್ನೇ ನೋಡುತ್ತಿದ್ದ, ನಗು ಬರುವ ಜಾಗಕ್ಕಾಗಿ ಕಾಯುತ್ತ. ಕಾಕಿ ಗುಂಡನ್ನು ಅಂಗೈಗೆ ಉಗುಳಿದಳು. ಆಮೇಲೆ, ಅದನ್ನು ಮತ್ತೆ ತುಟಿಯ ಹತ್ತಿರ ಒಯ್ಯುತ್ತ, ಕೇಳಿದಳು:

"ಛಲೋ ಮಾಡತಿ ಬಿಡು. ಈ ದನಿ ಯಾರದಪ್ಪಾ?"