ಫಟಫಟಿಗೆ ಎಲ್ಲಿಂದ ಕೈ ಹಚ್ಚಬೇಕು?

ರೊಟ್ಟಿಯನ್ನು ಎಲ್ಲಿಂದ ಮುರಿಯಬೇಕೆಂದು ಲೋಕದಲ್ಲಿ ಯಾರೂ ಯೋಚಿಸುವುದಿಲ್ಲ, ನಾನು ಯೋಚಿಸುತ್ತೇನೆ. ಅದು ದುಂಡಗಿರುತ್ತದೆ, ಅದಕ್ಕೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ನಾನು ಹೀಗೆ ನೋಡುತ್ತ ಕೂತರೆ ನನ್ನ ಹೆಂಡತಿ, "ಯಾಕ್ರೀ, ರೊಟ್ಟಿ ಒಣಗಿ ಕಟಕ ಆಗೂತನಕ ಕುಂದ್ರಾವ್ರೇನು?" ಎನ್ನುತ್ತಾಳೆ. ಇಂಥ ಸ್ವಭಾವದವನು ಹಳೆಯ ಮೋಟಾರು ಸೈಕಲ್ಲನ್ನು ಕೊಳ್ಳಲೇಬಾರದು. ಕೊಂಡೆ.

ಮಹಾಯುದ್ಧ ಆಗಷ್ಟೇ ಮುಗಿದಿತ್ತು. ದಂಡಿನವರು ಬೇಡವೆಂದು ಬಿಟ್ಟ ಸಾಮಾನು ಊರೂರಿಗೆ ಬರುತ್ತಿತ್ತು. ಗೋಕಾಕದ ಕನ್ನಡ ಶಾಲೆಯ ಮಾಸ್ತರನಾದ ನಾನು ಮೂಡಲಗಿ ಸಂತೆಗೆ ಉಳ್ಳಾಗಡ್ಡಿ ತರಲು ಹೋಗಿ, ಒಂದು ಫಟಫಟಿಯನ್ನು ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ಬಂದೆ. ಬಾಜೂಕ್ಕೆ ಒಬ್ಬರು ಕೂಡುವ ತೊಟ್ಟಿಲು ಬೇರೆ. ಅಗ್ಗವೆಂದರೆ ಅಷ್ಟು ಅಗ್ಗ. ಮಾರಿದವನ ಮುಖದಲ್ಲಿದ್ದ ಸಂತೋಷವನ್ನು ನೋಡಿದಾಗಲೇ ನನಗೆ ತಿಳಿಯಬೇಕಿತ್ತು.

ಅಷ್ಟಕ್ಕೇ ಬಿಟ್ಟಿದ್ದರೆ ಅದು ಅಂಗಳದಲ್ಲಿ ತನ್ನ ಪಾಡಿಗೆ ತುಕ್ಕು ಹಿಡಿಯುತ್ತಿತ್ತು. ಆದರೆ ಹುಕ್ಕೇರಿಯ ಒಂದು ಮದುವೆಯಲ್ಲಿ, ಫಟಫಟಿ ಕೊಂಡಿದ್ದೇನೆಂದು ನಾನು ಜಂಬ ಕೊಚ್ಚಿದೆ. ಪಕ್ಕದಲ್ಲೇ ನನ್ನ ತಂಗಿ ಗಂಗವ್ವನ ಅತ್ತೆ ಕೂತಿದ್ದರು.

ಗಂಗವ್ವನನ್ನು ದಡ್ಡಿ ಎಂಬ ಊರಿಗೆ ಕೊಟ್ಟಿದ್ದೇವೆ. ಪಂಚಮಿ ಹಬ್ಬಕ್ಕೆ ಅಣ್ಣ ಹೋಗಿ ತಂಗಿಯನ್ನು ತವರಿಗೆ ಕರೆತರುವುದು ನಮ್ಮ ಕಡೆಯ ಪದ್ಧತಿ. ನಾನು ಪ್ರತಿ ವರ್ಷ ಗಾಡಿ ಹೂಡಿಕೊಂಡು ಹೋಗುತ್ತಿದ್ದೆ, ಪ್ರತಿ ವರ್ಷ ಖಾಲಿ ಗಾಡಿ ಹೊಡೆದುಕೊಂಡು ಬರುತ್ತಿದ್ದೆ. ಆಕೆಯ ಅತ್ತೆಯದು ಒಂದಿಲ್ಲೊಂದು ನೆಪ: ಒಮ್ಮೆ ಅವರ ಎಮ್ಮೆ ಈಯುವುದಿತ್ತು, ಇನ್ನೊಮ್ಮೆ ಹೊಲದಲ್ಲಿ ಕಳೆ ಬೆಳೆದಿತ್ತು. ದಡ್ಡಿಯ ಕಡೆಯ ಹೊಳೆನೀರು ಯಾರೂ ಕರೆಯದಿದ್ದರೂ ಗೋಕಾಕಕ್ಕೆ ಬರುತ್ತದೆ. ಕರೆದರೂ ನನ್ನ ತಂಗಿ ಬರುವಂತಿರಲಿಲ್ಲ. ಅವ್ವ ಮಾತ್ರ ಪ್ರತಿ ಸಲ ಜೋಕಾಲಿ ಕಟ್ಟಿಸುತ್ತಿದ್ದಳು. ಹಬ್ಬ ಮುಗಿದ ಮೇಲೆ ಆಕೆ ಹಗ್ಗ ಬಿಚ್ಚಿ ಸುತ್ತುವಾಗ ನಾನು ಆ ಕಡೆ ನೋಡುತ್ತಿರಲಿಲ್ಲ.

ಆ ಮದುವೆಯಲ್ಲಿ ಗಂಗವ್ವನ ಅತ್ತೆ ಎಲ್ಲರೆದುರು ನಕ್ಕು, "ಈ ವರ್ಷ ಎತ್ತಿನ ಗಾಡ್ಯಾಗ ಬಂದ್ರ ಕಳಸಂಗಿಲ್ಲ ನೋಡ್ರಿ ಮಾಸ್ತರ. ಫಟಫಟಿ ತಗೊಂಡ ಬರ್ರಿ, ನಾನ ಕೂಡಿಸಿ ಕಳಸ್ತೇನಿ" ಎಂದರು. ನಾನು ಹುಂ ಅಂದುಬಿಟ್ಟೆ.

ಇನ್ನು ಎಲ್ಲಿಂದ ಆರಂಭಿಸುವುದು? ಈ ವಿಷಯದಲ್ಲಿ ಹಳೆಯ ಕವಿಗಳು ಜಾಣರು. ಮೊದಲು ಇಷ್ಟದೇವತೆ, ಆಮೇಲೆ ಗುರು, ಆಮೇಲೆ ಹಿಂದಿನ ಕವಿಗಳು, ಅದೂ ಸಾಲದಿದ್ದರೆ ಕುಕವಿಗಳ ನಿಂದೆ. ಇಷ್ಟು ಮುಗಿಯುವ ಹೊತ್ತಿಗೆ ಕಾವ್ಯ ತಾನಾಗಿಯೇ ನಡೆಯತೊಡಗಿರುತ್ತದೆ. ಅವ್ವನದೂ ಅದೇ ಮಾರ್ಗ. ಫಟಫಟಿಯ ಮುಂದೀಪಕ್ಕೆ ಮೂರು ಬೆರಳು ವಿಭೂತಿ ಎಳೆದು ಕಾಯಿ ಒಡೆದಳು. ಕುಕವಿನಿಂದೆಯ ಭಾಗವನ್ನು, ಅಂದರೆ ಮಾರಿದವನನ್ನು ಬಯ್ಯುವ ಕೆಲಸವನ್ನು, ನಾನು ವಹಿಸಿಕೊಂಡೆ. ಗಾಡಿ ನಡೆಯಲಿಲ್ಲ.

ಗಾಲಿಯಿಂದ ಶುರು ಮಾಡೋಣವೆಂದರೆ, ಗಾಲಿ ಬಿಚ್ಚಲು ಗಾಡಿಯನ್ನು ಎತ್ತಿ ನಿಲ್ಲಿಸಬೇಕು. ಎತ್ತಿ ನಿಲ್ಲಿಸುವ ಕಾಲು ಅಲುಗುವುದಿಲ್ಲ. ಅದನ್ನು ಅಲುಗಿಸಹೋದರೆ ಗಾಲಿಯೇ ಅಡ್ಡ. ಹಾಳಾಗಲಿ, ಎಂಜಿನ್ನಿನಿಂದ ಎಂದರೆ ಒದೆಯುವ ಕಿಕ್ಕು ಕೆಳಗಿಳಿಯದು. ಒದ್ದು ಒದ್ದು ನನ್ನ ಹಿಮ್ಮಡಿ ಬಾತಿತು. ಓಣಿಯ ಬಡಿಗ ಬಂದು ಗಾಲಿಯಿಂದಲೇ ಶುರು ಮಾಡಬೇಕೆಂದ. ದರ್ಜಿ ಸೀಟಿನಿಂದ ಎಂದ. ಕೆಲಸವಿಲ್ಲದವನೊಬ್ಬ, "ಮೊದ್ಲ ಚಾದಿಂದ ಶುರು ಮಾಡ್ರಿ ಸರ" ಎಂದ. ಮೂವರಲ್ಲಿ ಅವನ ಸಲಹೆಯೊಂದೇ ಕೈಗೂಡಿತು.

ಬಿಗಿದ ಕೀಲುಗಳಿಗೆಲ್ಲ ಚಿಮಣಿ ಎಣ್ಣೆ ಸುರಿದೆ. ಆಗ ಅದು ಕಂಟ್ರೋಲಿನಲ್ಲಿ ಸಿಗುತ್ತಿದ್ದ ವಸ್ತು. "ದೀಪಕ್ಕ ಹನಿ ಎಣ್ಣಿ ಇಲ್ಲ, ಅದಕ್ಕ ಹೊಟ್ಟಿ ತುಂಬ ಕುಡಸ್ರಿ" ಎಂದು ಹೆಂಡತಿ ಪಾತ್ರೆ ಕುಕ್ಕಿದಳು. ಕೀಲು ಕದಲಲಿಲ್ಲ. ಮೇಲಾಗಿ ಎಲ್ಲಿಂದಲೋ ಇರುವೆಗಳ ಸಾಲು ಬಂದು ಚೈನಿನೊಳಗೆ ಸಂಸಾರ ಹೂಡಿತು. ಚೈನಿಗೆ ಇರುವೆ ಹತ್ತಿದ್ದನ್ನು ಯಾರಾದರೂ ಕೇಳಿದ್ದೀರಾ?

ಹಬ್ಬದ ಮೊದಲ ದಿನ ನಮ್ಮ ಓಣಿಗೆ ಬಂದಿದ್ದ ಕಲ್ಲೋಳಿಯವನೊಬ್ಬ ಗಾಡಿಯನ್ನು ಗುರುತು ಹಿಡಿದು ಬಿದ್ದು ಬಿದ್ದು ನಕ್ಕ. "ಇದು ನಮ್ಮೂರ ಬೆಲ್ಲದ ಗಾಣದಾಗ ನಿಂತಿತ್ತಲ್ರಿ! ಇದರ ಮ್ಯಾಲ ಕಾಕಂಬಿ ಕೊಡ ಇಡತಿದ್ರು." ಅಂದರೆ ಇಷ್ಟು ದಿನ ನಾನು ತುಕ್ಕೆಂದು ಗುದ್ದಾಡಿದ್ದು ಬೆಲ್ಲದ ಪಾಕದ ಜೊತೆ! ಉಕ್ಕಿದ ಸಿಟ್ಟಿನಲ್ಲಿ ಬಚ್ಚಲಿಗೆ ಹೋಗಿ ಹಂಡೆಯ ಬಿಸಿನೀರಿಗೆ ಕೈಯೊಡ್ಡಿದೆ. ಕೈಗೆ ಮೆತ್ತಿದ್ದ, ಚಿಮಣಿ ಎಣ್ಣೆಗೂ ಜಗ್ಗದ ಕರಿಯ ಅಂಟು ಸರ್ರನೆ ಹರಿದು ಹೋಯಿತು. ಎಲ್ಲಿಂದ ಆರಂಭಿಸಬೇಕೆಂದು ಅರ್ಥವಾಯಿತು. ಬಿಸಿನೀರು! ಕೊಡ ತುಂಬಿಕೊಂಡು ಅಂಗಳಕ್ಕೆ ಓಡಿದೆ.

ಬಾಗಿಲಲ್ಲಿ ಒಂದು ಎತ್ತಿನ ಗಾಡಿ ನಿಂತಿತ್ತು. ಅದರಿಂದ ಗಂಗವ್ವ ಇಳಿದಳು. ಹಿಂದೆಯೇ ಅವಳ ಅತ್ತೆ.

"ಹಾದಿ ನೋಡಿ ನೋಡಿ ಸಾಕಾತ್ರಿ ಮಾಸ್ತರ. ಎಲ್ಲೈತಿ ಫಟಫಟಿ? ನಾನ ನೋಡಾಕ ಬಂದೆ."

ನನ್ನ ಬಿಸಿನೀರು ಬೀಗತಿಯ ಕಾಲು ತೊಳೆಯಲು ಹೋಯಿತು. ಅವರು ಫಟಫಟಿಯನ್ನು ಸುತ್ತಿ ನೋಡಿದರು, ಇರುವೆ ಕೊಡವಿ ತೊಟ್ಟಿಲಲ್ಲಿ ಕೂತರು, ಸೆರಗು ಸರಿಮಾಡಿಕೊಂಡರು. ಮದುವೆಯಲ್ಲಿ ನಕ್ಕಿದ್ದ ಹೆಂಗಸಿಗೆ ಒಳಗೊಳಗೇ ಇಷ್ಟೊಂದು ಆಸೆಯಿತ್ತೆಂದು ನನಗೆ ಹೊಳೆದಿರಲೇ ಇಲ್ಲ. ಹಬ್ಬ ಮುಗಿಸಿ ಹೊರಡುವಾಗ ಅವ್ವನಿಗೆ ಹೇಳಿದರು: "ನನ್ನ ಸೊಸಿ ಇದರಾಗ ಕುಂತ ಬಂದು ದಡ್ಡಿ ಊರಬಾಗಲ ಅಗಸ್ಯಾಗ ಇಳೀಬೇಕ್ರಿ ಬೀಗತಿ, ಊರೆಲ್ಲ ನೋಡ್ಲಿ. ಗಾಡಿ ದುರಸ್ತ ಆಗೂತನಕ ಇಲ್ಲೇ ಇರ್ಲಿ ಆಕಿ."

ಮರುದಿನ ಬೆಳಿಗ್ಗೆ ನಾನು ಮತ್ತೆ ಕೊಡ ತುಂಬಿಕೊಂಡು ಗಾಡಿಯ ಮುಂದೆ ಕೂತೆ. ಗಂಗವ್ವ ಆಗಷ್ಟೇ ಎದ್ದು ಬಂದಳು. ಮದುವೆಯಾದಮೇಲೆ ಆಕೆ ಬಿಸಿಲೇರುವ ತನಕ ಮಲಗಿದ್ದು ಅದೇ ಮೊದಲಂತೆ. ಕಣ್ಣುಜ್ಜಿಕೊಳ್ಳುತ್ತ ನನ್ನ ಪಕ್ಕ ಕೂತು, ಕೊಡವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು. "ಅಣ್ಣಾ, ಅವಸರ ಮಾಡಬ್ಯಾಡೋ. ಈ ನೀರು ನನ್ನ ಜಳಕಕ್ಕ ಇರ್ಲಿ."

ಶ್ರಾವಣ ಕಳೆಯುವ ಹೊತ್ತಿಗೆ ದಡ್ಡಿಯಿಂದ ಆಳು ಬಂದು, ಗಾಡಿ ಎಲ್ಲಿಯವರೆಗೆ ಬಂತೆಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ಜೋಕಾಲಿಯ ಮೇಲಿಂದ ಗಂಗವ್ವ ಕೂಗಿ ಹೇಳಿದಳು: "ನಮ್ಮಣ್ಣಗ ಎಲ್ಲಿಂದ ಶುರು ಮಾಡಬೇಕು ಅನ್ನೋದ ಇನ್ನೂ ತಿಳಿವಲ್ದು ಅಂತ ಹೇಳಪಾ!"

ಅವನು ನನ್ನನ್ನು ಕನಿಕರದಿಂದ ನೋಡಿದ. ಎಲ್ಲಿಂದ ಶುರು ಮಾಡಬೇಕೆಂದು ನನಗೆ ಚೆನ್ನಾಗಿ ತಿಳಿದಿತ್ತು. ಜನ್ಮದಲ್ಲಿ ಮೊದಲ ಸಲ ತಿಳಿದಿತ್ತು. ಹೌದಪ್ಪಾ ಎಂದು ತಲೆ ಆಡಿಸಿದೆ.