ನರ್ಸಮ್ಮನ ಮುಂದಿನ ಬ್ರೇಕು

ನರ್ಸಮ್ಮನ ಬಲಗೈಯ ಎರಡು ಬೆರಳು ಯಾವಾಗಲೂ ಸೈಕಲ್ಲಿನ ಮುಂದಿನ ಬ್ರೇಕಿನ ಮೇಲೆ ಇರುತ್ತಿದ್ದವು. ಔಷಧದ ನೀರಿನಲ್ಲಿ ತೊಳೆದು ತೊಳೆದು ಬೆಳ್ಳಗೆ ಸುಕ್ಕಾದ ಬೆರಳು. ಸೀರೆ ಚೈನಿಗೆ ಸಿಗದಂತೆ ನೆರಿಗೆಗೆ ಪಿನ್ನು ಹಾಕಿಕೊಂಡು, ಹೊಳೆನರಸೀಪುರದ ಆಸ್ಪತ್ರೆಯಿಂದ ಹಳ್ಳಿಗಳಿಗೆ ಹೆರಿಗೆ ಮಾಡಿಸಲು ಸೈಕಲ್ಲಿನಲ್ಲೇ ಬರುತ್ತಿದ್ದರು. ಗಂಡಸರು ನಗುತ್ತಿದ್ದರು. ನರ್ಸಮ್ಮ ತಿರುಗಿಯೂ ನೋಡುತ್ತಿರಲಿಲ್ಲ.

ನಮ್ಮ ಹರದನಹಳ್ಳಿಯಲ್ಲಿ ಆಗ ನಾಲ್ಕು ಸೈಕಲ್ಲು. ಒಂದಕ್ಕೂ ಮುಂದಿನ ಬ್ರೇಕು ಇರಲಿಲ್ಲ. ಹಿಡಿದರೆ ಮಗುಚಿ ಬೀಳುತ್ತೇವೆ ಎಂದು ಎಲ್ಲರೂ ಬಿಚ್ಚಿಟ್ಟಿದ್ದೆವು.

ನನ್ನ ಹೆಂಡತಿಗೆ ಚೊಚ್ಚಲ ಹೆರಿಗೆ. ಬೆಳಿಗ್ಗೆ ಶುರುವಾದ ನೋವು, ಮಧ್ಯಾಹ್ನವಾದರೂ ಮಗು ಬರಲಿಲ್ಲ. ಸೈಕಲ್ಲಿನಲ್ಲಿ ಹೋಗಿ ನರ್ಸಮ್ಮನನ್ನು ಕರೆದೆ. ಬರುವಾಗ ನಾನು ಮುಂದೆ, ಅವರು ತಮ್ಮ ಸೈಕಲ್ಲಿನಲ್ಲಿ ಹಿಂದೆ. ಇಳಿಜಾರಿನಲ್ಲಿ "ಮೆಲ್ಲಗೆ ಓಗಯ್ಯಾ!" ಎಂದು ಕೂಗಿದರು. ಕೇಳಲಿಲ್ಲ. ತಿರುವಿನಲ್ಲಿ ಎತ್ತಿನ ಗಾಡಿ ಅಡ್ಡ ನಿಂತಿತ್ತು. ಹಿಂದಿನ ಬ್ರೇಕು ಅದುಮಿದೆ. ಚಕ್ರ ಜಲ್ಲಿಯ ಮೇಲೆ ಜಾರಿತು, ಚರಂಡಿಗೆ ಬಿದ್ದೆ. ನರ್ಸಮ್ಮ ಮೈ ಹಿಂದಕ್ಕೆ ಹಾಕಿ, ಎರಡೂ ಬ್ರೇಕನ್ನು ಮೆತ್ತಗೆ ಬಿಗಿ ಮಾಡುತ್ತಾ ಬಂದು, ಎತ್ತಿನ ಕೊಂಬಿಗೆ ಒಂದು ಮೊಳ ದೂರದಲ್ಲಿ ನಿಂತರು.

"ಕಾಲು ಆಡ್ಸು" ಎಂದರು.

ಆಡಿಸಿದೆ.

"ಮುರ್ದಿಲ್ಲ. ಮನೆ ಯಾವ್ದು?"

"ಅಳ್ಳಿಮರದ ಕಟ್ಟೆ ಪಕ್ಕದ್ದು ಕಣಮ್ಮ. ವಸಿ ಕೈ ಕೊಡ್ರಮ್ಮ..."

"ನೀನು ನಿಧಾನಕ್ಕೆ ಬಾ. ಅಲ್ಲಿ ಎಲ್ಡು ಜೀವ ಕಾಯ್ತಾ ಅವೆ."

ನನ್ನನ್ನು ಚರಂಡಿಯಲ್ಲೇ ಬಿಟ್ಟು, ಗಾಡಿ ಬಳಸಿಕೊಂಡು ಹೊರಟೇಹೋದರು. ಗಾಡಿಯವನು ನಕ್ಕ. "ಎಂಗ್ಸು ನಿಂತ್ಕತು, ಗಂಡ್ಸು ಬಿದ್ದೋಯ್ತು ಕಣ್ಲಾ!"

ಕುಂಟುತ್ತಾ ಮನೆ ಸೇರಿದಾಗ ಮಗಳು ಅಳುತ್ತಿದ್ದಳು. ಹೊಕ್ಕುಳಬಳ್ಳಿ ಕೊರಳಿಗೆ ಸುತ್ತಿತ್ತಂತೆ. "ಇನ್ನೊಂದ್ ಗಳಿಗೆ ಆಗಿದ್ರೆ ಕೂಸು ದಕ್ಕುತಿರ್ಲಿಲ್ಲ ಕಣ್ಲಾ" ಎಂದು ಅವ್ವ ಕಣ್ಣೊರೆಸಿಕೊಂಡಳು. ನಾನು ಕೈ ಚಾಚಿದೆ. ನರ್ಸಮ್ಮ ಮಗುವನ್ನು ಕೊಡಲಿಲ್ಲ.

"ಮೊದ್ಲು ಕೈ ತೊಳ್ಕೊ. ನಾಳೆ ಮುಂದ್ಲು ಬ್ರೇಕು ಆಕ್ಸು. ಅಪ್ಪ ಆಗಿದ್ದೀಯ."

ಬಿಚ್ಚಿಟ್ಟಿದ್ದ ಬ್ರೇಕಿನ ರಬ್ಬರನ್ನು ಇಲಿ ತಿಂದಿತ್ತು. ಯುದ್ಧದ ಕಾಲ, ರಬ್ಬರಿಗೆ ಬರ; ಹಾಸನದಲ್ಲಿ ಮೂರು ಅಂಗಡಿ ಸುತ್ತಿ ಹೊಸದು ತಂದೆ. ಬಾಣಂತಿಯನ್ನು ನೋಡಲು ಬಂದಾಗಲೆಲ್ಲ ನರ್ಸಮ್ಮ ನನಗೆ ಮನೆ ಮುಂದೆ ಪಾಠ ಮಾಡಿದರು. "ಒಂದೇ ಸಲ ಇಸುಕ್ಬ್ಯಾಡ. ಕೂಸಿನ ತಲೆ ಇಡ್ದಂಗೆ ಮೆತ್ಗೆ ಇಡಿ, ಆಮೇಲೆ ಬಿಗಿ ಮಾಡು. ಮೈ ಇಂದಕ್ಕಿರ್ಲಿ. ತಿರುವು ಬರಾಕ್ ಮುಂಚೇನೆ ನಿಧಾನ ಮಾಡು. ತಿರುಗ್ತಾ ಇರುವಾಗ ಮುಂದಿಂದು ಮುಟ್ಟಬ್ಯಾಡ." ಅಷ್ಟು ಹೊತ್ತು ನಿಂತು ನನಗೆ ಯಾರೂ, ಶಾಲೆಯಲ್ಲೂ, ಏನನ್ನೂ ಹೇಳಿಕೊಟ್ಟಿರಲಿಲ್ಲ.

ಆಮೇಲೆ ಅವರಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಯಿತು. ಅಲ್ಲಿ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ಸುದ್ದಿ ನಮ್ಮೂರಿಗೆ ಬಂದಾಗ ತಿಂಗಳು ಕಳೆದಿತ್ತು.

ಈಗ ಹೆಂಡತಿಗೆ ಮತ್ತೆ ಎಂಟು ತಿಂಗಳು. ಮೊನ್ನೆ ಆಸ್ಪತ್ರೆಗೆ ಹೋಗಿ ಹೊಸ ನರ್ಸಿಗೆ ಹೇಳಿ ಬಂದೆ. ಒಳ್ಳೆಯವರೇ. ಎತ್ತಿನ ಗಾಡಿ ತಂದರೆ ಬರುತ್ತೇನೆ ಎಂದರು. ಸರಿ ಎಂದೆ. ಊರಿಗೆ ಬರುವಾಗ ದಾರಿಯಲ್ಲಿ ಎರಡು ಸಲ ಬ್ರೇಕು ಹಿಡಿದು ನಿಂತು ಹಿಂದೆ ನೋಡಿದೆ. ಯಾರೂ ಬರುತ್ತಿರಲಿಲ್ಲ.